ಹಾರ್ಡ್ ಡಿಸ್ಕಿನಲ್ಲಿರುವುದು ಟಿವಿಯಲ್ಲಿ: ರಾಸ್ಪ್‌ಬೆರಿ ಪೈ ಮೀಡಿಯಾ ಪ್ಲೇಯರ್ ಕಟ್ಟಿಕೊಳ್ಳುವ ಬಗೆ

ಮದುವೆ, ಗೃಹಪ್ರವೇಶ, ನಾಮಕರಣದ ವಿಡಿಯೊಗಳು, ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಭಾವಗೀತೆಗಳು, ಇಡೀ ರಾತ್ರಿ ನಡೆದ ಯಕ್ಷಗಾನದ ರೆಕಾರ್ಡಿಂಗು, ಕೊಂಡ ಡಿವಿಡಿಗಳ ಪ್ರತಿ. ಇವೆಲ್ಲ ಬಹಳಷ್ಟು ಮನೆಗಳಲ್ಲಿ ಒಂದು ಹಾರ್ಡ್ ಡಿಸ್ಕಿನೊಳಗೆ ಸೇರಿಕೊಂಡು ಬೀರುವಿನಲ್ಲಿ ಕೂತಿವೆ. ನೋಡಬೇಕೆಂದರೆ ಲ್ಯಾಪ್‌ಟಾಪ್ ತೆಗೆಯಬೇಕು, ಕೇಬಲ್ ಹುಡುಕಬೇಕು. ಡಿಸ್ಕನ್ನು ನೇರವಾಗಿ ಟಿವಿಗೇ ಸಿಕ್ಕಿಸಿದರೆ ಕೆಲವು ಫೈಲು ಓಡುತ್ತವೆ. ಕೆಲವಕ್ಕೆ ಚಿತ್ರ ಬಂದರೆ ಧ್ವನಿ ಬರುವುದಿಲ್ಲ. ಇನ್ನು ಕೆಲವನ್ನು ಟಿವಿ ಮುಟ್ಟುವುದೇ ಇಲ್ಲ.

ಅಂಗೈಯಗಲದ ಒಂದು ಲಿನಕ್ಸ್ ಕಂಪ್ಯೂಟರನ್ನು ಟಿವಿಯ ಹಿಂದೆ ಕೂರಿಸಿದರೆ ಈ ತೊಂದರೆ ಬಹುಮಟ್ಟಿಗೆ ತೀರುತ್ತದೆ. ಬೇಕಾದ ತಂತ್ರಾಂಶವೆಲ್ಲ ಉಚಿತ. ಪ್ರೋಗ್ರಾಮಿಂಗ್ ಗೊತ್ತಿರಬೇಕಿಲ್ಲ, ಒಂದೇ ಒಂದು ಕಮಾಂಡ್ ಟೈಪ್ ಮಾಡಬೇಕಿಲ್ಲ. ಯಂತ್ರವನ್ನು ಸಿದ್ಧಪಡಿಸಲು ಒಂದು ಸಂಜೆ ಸಾಕು. ಹೆಚ್ಚು ಸಮಯ ಹಿಡಿಯುವುದು ಫೈಲುಗಳನ್ನು ಒಪ್ಪವಾಗಿ ಜೋಡಿಸುವ ಕೆಲಸ. ಅದಕ್ಕೆ ತಯಾರಿದ್ದರೆ ಮುಂದೆ ಓದಿ.

ಯಾರಿಗೆ ಬೇಕು, ಯಾರಿಗೆ ಬೇಡ

ಹಣ ಖರ್ಚು ಮಾಡುವ ಮೊದಲು ಒಂದು ವಿಷಯ ಸ್ಪಷ್ಟವಾಗಿರಲಿ. ನೆಟ್‌ಫ್ಲಿಕ್ಸ್, ಪ್ರೈಮ್ ವಿಡಿಯೊ ಮುಂತಾದ ಒಟಿಟಿಗಳನ್ನು ನೋಡುವುದೇ ನಿಮ್ಮ ಮುಖ್ಯ ಉದ್ದೇಶವಾದರೆ ಈ ಪೆಟ್ಟಿಗೆ ನಿಮಗಲ್ಲ. ಆ ಸೇವೆಗಳು ತಮ್ಮ ಚಿತ್ರಗಳಿಗೆ ಡಿಜಿಟಲ್ ಬೀಗ ಹಾಕಿರುತ್ತವೆ. ಉತ್ತಮ ಗುಣಮಟ್ಟದ ಚಿತ್ರ ಸಿಗುವುದು ಅವು ಮಾನ್ಯ ಮಾಡಿದ ಸಾಧನಗಳಲ್ಲಿ ಮಾತ್ರ. ಇಂಥ ಲಿನಕ್ಸ್ ಪೆಟ್ಟಿಗೆ ಆ ಪಟ್ಟಿಯಲ್ಲಿಲ್ಲ. ಅದಕ್ಕೆ ಸ್ಮಾರ್ಟ್ ಟಿವಿಯೋ ಒಂದು ಸ್ಟ್ರೀಮಿಂಗ್ ಸ್ಟಿಕ್ಕೋ ಸಾಕು.

ನಿಮ್ಮದೇ ಸಂಗ್ರಹವಿದ್ದು, ಅದನ್ನು ಮನೆಮಂದಿಯೆಲ್ಲ ರಿಮೋಟ್ ಹಿಡಿದು ನೋಡುವಂತಾಗಬೇಕು, ಜಾಹೀರಾತು ಇರಬಾರದು, ಇಂಟರ್‌ನೆಟ್ ಇಲ್ಲದಾಗಲೂ ನಡೆಯಬೇಕು ಎಂದಿದ್ದರೆ ಇದಕ್ಕಿಂತ ಅನುಕೂಲದ ದಾರಿ ಕಡಿಮೆ.

ಯಾವ ಬೋರ್ಡ್ ಕೊಳ್ಳಬೇಕು

ಈ ಬಗೆಯ ಪುಟ್ಟ ಕಂಪ್ಯೂಟರುಗಳಲ್ಲಿ ಹೆಚ್ಚು ಹೆಸರಾದದ್ದು ಬ್ರಿಟನ್ನಿನ ಕೇಂಬ್ರಿಜ್‌ನಲ್ಲಿ ಹುಟ್ಟಿದ ರಾಸ್ಪ್‌ಬೆರಿ ಪೈ. ಮಕ್ಕಳಿಗೆ ಕಂಪ್ಯೂಟರ್ ಕಲಿಸಲೆಂದು 2012ರ ಫೆಬ್ರವರಿ 29ರಂದು 35 ಡಾಲರ್ ಬೆಲೆಯಲ್ಲಿ ಮಾರಾಟಕ್ಕೆ ಬಂದದ್ದನ್ನು ಜನ ಬಹುಬೇಗ ಟಿವಿಯ ಹಿಂದೆ ಕಟ್ಟಿದರು. ಈಗ ಆಯ್ಕೆ ಮುಖ್ಯವಾಗಿ ಎರಡರ ನಡುವೆ: 2019ರಲ್ಲಿ ಬಂದ ಪೈ 4 ಮತ್ತು 2023ರಲ್ಲಿ ಬಂದ ಪೈ 5.

ಮೀಡಿಯಾ ಪ್ಲೇಯರ್ ಕೆಲಸಕ್ಕೆ ಪೈ 4 ಸಾಕು. 2 ಜಿಬಿ ರ‍್ಯಾಮ್ ಇರುವುದು ಧಾರಾಳ; 8 ಜಿಬಿಗೆ ಹಣ ಸುರಿದರೂ ಚಿತ್ರವೇನೂ ಚೆನ್ನಾಗಿ ಕಾಣುವುದಿಲ್ಲ. ಪೈ 5ರಲ್ಲಿ ಮೆನುಗಳು ಚುರುಕಾಗಿ ಓಡುತ್ತವೆ, ಆನ್-ಆಫ್ ಗುಂಡಿ ಇದೆ. ಆದರೆ ಹೆಚ್ಚು ಬಿಸಿಯಾಗುತ್ತದೆ, ಹೆಚ್ಚು ಶಕ್ತಿಯ ಅಡಾಪ್ಟರ್ ಕೇಳುತ್ತದೆ, ಹೆಡ್‌ಫೋನ್ ಪಿನ್ನಿಗೆ ಜಾಗವಿಲ್ಲ. ಹಳೆಯ ಆಂಪ್ಲಿಫೈಯರಿಗೆ ತಂತಿ ಎಳೆಯುವವರು ಈ ಕೊನೆಯ ಮಾತನ್ನು ಗಮನಿಸಬೇಕು.

ಬೋರ್ಡಿನ ಜೊತೆಗೆ ಬೇಕಾದವು ಇಷ್ಟು:

• ಸರಿಯಾದ ಪವರ್ ಅಡಾಪ್ಟರ್. ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್. ಪೈ 5ಕ್ಕೆ 5 ವೋಲ್ಟ್, 5 ಆಂಪಿಯರ್.
• 16 ಅಥವಾ 32 ಜಿಬಿಯ ಮೈಕ್ರೊ ಎಸ್‌ಡಿ ಕಾರ್ಡ್. ಸಿನಿಮಾಗಳು ಇದರಲ್ಲಿರುವುದಿಲ್ಲವಾದ್ದರಿಂದ ದೊಡ್ಡದು ಬೇಡ, ಆದರೆ ಒಳ್ಳೆಯ ಕಂಪನಿಯ ಅಸಲಿ ಮಾಲೇ ಆಗಬೇಕು.
• ಮೈಕ್ರೊ ಎಚ್‌ಡಿಎಂಐನಿಂದ ಸಾಮಾನ್ಯ ಎಚ್‌ಡಿಎಂಐಗೆ ಹೋಗುವ ಕೇಬಲ್. ಮನೆಯಲ್ಲಿರುವ ಸೆಟ್‌ಟಾಪ್ ಬಾಕ್ಸಿನ ಕೇಬಲ್ ಇದಕ್ಕೆ ಕೂರುವುದಿಲ್ಲ.
• ಶಾಖ ಹೀರುವ ಅಲ್ಯುಮಿನಿಯಂ ಕೇಸ್. ಪೈ 5 ಆದರೆ ಫ್ಯಾನ್ ಇರುವ ಕೇಸ್ ವಾಸಿ.

ಇವೆಲ್ಲ ಆನ್‌ಲೈನಿನಲ್ಲಿ ಸಿಗುತ್ತವೆ, ಬೆಂಗಳೂರಿನವರು ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಬಹುದು. ಬೋರ್ಡಿನ ಬೆಲೆ ಆಗಾಗ ಏರಿಳಿಯುತ್ತಿರುತ್ತದೆ. ಆದ್ದರಿಂದ ಬೋರ್ಡ್, ಅಡಾಪ್ಟರ್, ಕೇಸ್, ಕೇಬಲ್, ಕಾರ್ಡ್ ಎಲ್ಲದರ ಒಟ್ಟು ಮೊತ್ತ ನೋಡಿಯೇ ತೀರ್ಮಾನಿಸಿ. ಮೂಲೆಯಲ್ಲಿ ಹಳೆಯ ಲ್ಯಾಪ್‌ಟಾಪೋ ಪುಟ್ಟ ಆಫೀಸ್ ಕಂಪ್ಯೂಟರೋ ಬಿದ್ದಿದ್ದರೆ, ಕೆಳಗೆ ಹೇಳುವ ತಂತ್ರಾಂಶವನ್ನು ಮೊದಲು ಅದರಲ್ಲೇ ಹಾಕಿ ಪರೀಕ್ಷಿಸಬಹುದು. ಇಂಟೆಲ್ ಮತ್ತು ಎಎಂಡಿ ಯಂತ್ರಗಳಿಗೂ ಅದರ ಆವೃತ್ತಿ ಇದೆ. ಆದರೆ ಅದು ಆ ಯಂತ್ರದ ಡಿಸ್ಕನ್ನು ಪೂರ್ತಿ ಅಳಿಸಿ ಕೂರುತ್ತದೆ ಎಂಬುದು ನೆನಪಿರಲಿ.

ಕರೆಂಟಿನ ಲೆಕ್ಕ

ಸುಮ್ಮನಿರುವಾಗ ಪೈ 4 ಬಳಸುವುದು ಹೆಚ್ಚೂಕಡಿಮೆ 3 ವಾಟ್. ದಿನದ 24 ಗಂಟೆಯೂ ಆನ್ ಇಟ್ಟರೂ ತಿಂಗಳಿಗೆ ಎರಡು ಯೂನಿಟ್ ಆಸುಪಾಸು. ಇದೇ ಕೆಲಸಕ್ಕೆ 60 ವಾಟ್ ಎಳೆಯುವ ಹಳೆಯ ಡೆಸ್ಕ್‌ಟಾಪನ್ನು ಹಗಲೂ ರಾತ್ರಿ ಓಡಿಸಿದರೆ 43 ಯೂನಿಟ್ ಆಗುತ್ತದೆ. ಹಳೆಯ ಯಂತ್ರದಲ್ಲೇ ಮುಂದುವರಿಯುವವರು ನೋಡಿದ ಮೇಲೆ ಅದನ್ನು ಆಫ್ ಮಾಡುವ ರೂಢಿ ಇಟ್ಟುಕೊಳ್ಳಬೇಕು.

ಯಾವ ವಿಡಿಯೊ ಓಡುತ್ತದೆ

ಒಂದು ಫೈಲು ಸರಾಗವಾಗಿ ಓಡುತ್ತದೆಯೇ ಎಂಬುದು ಅದರ ಬಾಲದಲ್ಲಿರುವ ಎಂಪಿ4, ಎಂಕೆವಿ ಅಕ್ಷರಗಳಿಂದ ತಿಳಿಯುವುದಿಲ್ಲ. ಅವು ಬರಿಯ ಹೊರಕವಚ. ಒಳಗೆ ಚಿತ್ರವನ್ನು ಯಾವ ವಿಧಾನದಲ್ಲಿ ಅಡಕ ಮಾಡಿದ್ದಾರೆ, ಅಂದರೆ ಯಾವ ಕೋಡೆಕ್ ಎಂಬುದು ಮುಖ್ಯ. ಆ ಕೋಡೆಕ್ಕನ್ನು ಬಿಡಿಸುವ ಸರ್ಕ್ಯೂಟ್ ಚಿಪ್ಪಿನಲ್ಲೇ ಇದ್ದರೆ ಕೆಲಸ ಹಗುರ. ಇಲ್ಲದಿದ್ದರೆ ಇಡೀ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ.

ಎಚ್.265, ಅಂದರೆ ಎಚ್‌ಇವಿಸಿ: ಪೈ 4, ಪೈ 5 ಎರಡರಲ್ಲೂ ಇದಕ್ಕೆ ಪ್ರತ್ಯೇಕ ಸರ್ಕ್ಯೂಟ್ ಇದೆ. 4ಕೆ ಚಿತ್ರವೂ ಸೆಕೆಂಡಿಗೆ 60 ಫ್ರೇಮಿನವರೆಗೆ ಓಡುತ್ತದೆ.

ಎಚ್.264: ಬಹುಪಾಲು ಫೈಲುಗಳು ಈ ಜಾತಿಯವು. ಪೈ 4ರ ಸರ್ಕ್ಯೂಟ್ 1080ಪಿವರೆಗೆ ನಿಭಾಯಿಸುತ್ತದೆ. ಪೈ 5ರಲ್ಲಿ ಈ ಸರ್ಕ್ಯೂಟನ್ನೇ ಕೈಬಿಟ್ಟಿದ್ದಾರೆ. ಪ್ರೊಸೆಸರಿಗೆ ಸಾಕಷ್ಟು ಬಲವಿರುವುದರಿಂದ 1080ಪಿ ಚಿತ್ರ ಅಲ್ಲೂ ತೊಡಕಿಲ್ಲದೆ ನಡೆಯುತ್ತದೆ. ಎಡವುವುದು ಬೇರೆ ಕಡೆ. ಮೊಬೈಲಿನಲ್ಲಿ 4ಕೆ ಎಂದು ಆರಿಸಿ ತೆಗೆದ ವಿಡಿಯೊ ಎಚ್.264 ಆಗಿದ್ದರೆ ಪೈ 4ರಲ್ಲಿ ತಡವರಿಸುತ್ತದೆ. ಮೊಬೈಲ್ ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಎಚ್‌ಇವಿಸಿ ಆಯ್ಕೆ ಇದ್ದರೆ ಅದನ್ನೇ ಆರಿಸಿ.

ಎವಿ1, ವಿಪಿ9: ಇವಕ್ಕೆ ಎರಡರಲ್ಲೂ ಸರ್ಕ್ಯೂಟ್ ಇಲ್ಲ. ಸಣ್ಣ ಅಳತೆಯವು ಓಡುತ್ತವೆ, 4ಕೆ ಫೈಲುಗಳ ಆಸೆ ಬಿಡಿ.

ಹಳೆಯ ಡಿವಿಡಿ, ವಿಸಿಡಿ: ಡಿವಿಡಿಯಲ್ಲಿರುವುದು ಎಂಪೆಗ್-2, ವಿಸಿಡಿಯಲ್ಲಿರುವುದು ಎಂಪೆಗ್-1. ಪೈ 4ರ ಮಟ್ಟಿಗೆ ಇವು ಲೆಕ್ಕಕ್ಕಿಲ್ಲದಷ್ಟು ಹಗುರ. ಮದುವೆಯ ವಿಸಿಡಿ ಇನ್ನೂ ಇಟ್ಟುಕೊಂಡಿರುವವರು ಅದರೊಳಗಿನ ಎಂಪೆಗ್‌ಎವಿ ಎಂಬ ಫೋಲ್ಡರಿನಲ್ಲಿರುವ ಡಾಟ್ ಡ್ಯಾಟ್ ಫೈಲನ್ನು ಈಗಲೇ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳುವುದು ಒಳ್ಳೆಯದು. ಆ ತಟ್ಟೆಗಳು ವರ್ಷ ಕಳೆದಂತೆ ಹಾಳಾಗುತ್ತವೆ.

ನಿಮ್ಮ ಫೈಲಿನಲ್ಲಿ ಯಾವ ಕೋಡೆಕ್ ಇದೆಯೆಂದು ತಿಳಿಯಲು ಕಂಪ್ಯೂಟರಿನಲ್ಲಿ ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶವಿದೆ. ಓಡದ ಫೈಲನ್ನು ಎಚ್.265ಕ್ಕೆ ಪರಿವರ್ತಿಸಲು ಹ್ಯಾಂಡ್‌ಬ್ರೇಕ್ ಬಳಸಬಹುದು. ಪರಿವರ್ತಿಸಿದ ಮೇಲೆ ಮೂಲ ಫೈಲನ್ನು ಅಳಿಸಬೇಡಿ.

ಲಿಬ್ರೆಇಲೆಕ್ ಮತ್ತು ಕೋಡಿ

ಪರದೆಯ ಮೇಲೆ ನಮಗೆ ಕಾಣುವುದು ಕೋಡಿ. ಮೈಕ್ರೊಸಾಫ್ಟಿನ ಎಕ್ಸ್‌ಬಾಕ್ಸ್ ಆಟದ ಯಂತ್ರಕ್ಕೆಂದು ಹವ್ಯಾಸಿಗಳು ಬರೆದ ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್ 2014ರಲ್ಲಿ ಈ ಹೆಸರು ಪಡೆಯಿತು. ಅದರ ಕೆಳಗೆ ಕಾಣದಂತೆ ದುಡಿಯುವ ಲಿನಕ್ಸ್‌ನ ಹೆಸರು ಲಿಬ್ರೆಇಲೆಕ್. 2016ರಲ್ಲಿ ಓಪನ್‌ಇಲೆಕ್ ಎಂಬ ಯೋಜನೆಯಿಂದ ಕವಲೊಡೆದದ್ದು. ಕೋಡಿ ಓಡಲು ಎಷ್ಟು ಬೇಕೋ ಅಷ್ಟನ್ನೇ ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಕಿತ್ತುಹಾಕಿರುವುದು ಇದರ ಗುಣ. ಮುಖ್ಯ ಫೈಲುಗಳು ಓದಲು ಮಾತ್ರ ತೆರೆದಿರುತ್ತವೆ, ಬರೆಯಲು ಬರುವುದಿಲ್ಲ. ಹೀಗಾಗಿ ರಿಮೋಟ್ ಯಾರ ಕೈಗೆ ಸಿಕ್ಕರೂ ವ್ಯವಸ್ಥೆ ಕೆಡುವ ಭಯ ಕಡಿಮೆ. ಅದೇ ಯಂತ್ರದಲ್ಲಿ ಬೇರೆ ಲಿನಕ್ಸ್ ಕೆಲಸಗಳನ್ನೂ ಮಾಡಬೇಕೆನ್ನುವವರಿಗೆ ಇದು ಹೊಂದುವುದಿಲ್ಲ. ಬರೀ ನೋಡುವುದಕ್ಕೆ ಲಿಬ್ರೆಇಲೆಕ್ ಸರಿ.

ಹಾಕುವ ಕ್ರಮ ಹೀಗಿದೆ:

1. ನಿಮ್ಮ ಕಂಪ್ಯೂಟರಿನಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ಎಂಬ ತಂತ್ರಾಂಶವನ್ನು ಅಧಿಕೃತ ತಾಣದಿಂದ ಇಳಿಸಿಕೊಳ್ಳಿ.
2. ಕಾರ್ಡನ್ನು ಕಾರ್ಡ್ ರೀಡರಿನಲ್ಲಿಟ್ಟು ಸಿಕ್ಕಿಸಿ. ಇಮೇಜರಿನಲ್ಲಿ ನಿಮ್ಮ ಪೈ ಮಾದರಿ ಆರಿಸಿ. ಆಮೇಲೆ ಮೀಡಿಯಾ ಪ್ಲೇಯರ್ ವಿಭಾಗಕ್ಕೆ ಹೋಗಿ ಲಿಬ್ರೆಇಲೆಕ್ ಆರಿಸಿ. ಪೈ 4 ಮತ್ತು ಪೈ 5ಕ್ಕೆ ಬೇರೆಬೇರೆ ಇಮೇಜ್ ಇವೆ.
3. ಬರೆಯಬೇಕಾದ ಡ್ರೈವ್ ಕಾರ್ಡೇ ಹೌದೇ ಎಂದು ಎರಡು ಸಲ ನೋಡಿ. ತಪ್ಪಿ ಹಾರ್ಡ್ ಡಿಸ್ಕ್ ಆರಿಸಿದರೆ ಅದರಲ್ಲಿದ್ದುದೆಲ್ಲ ಹೋಗುತ್ತದೆ.
4. ಕಾರ್ಡನ್ನು ಪೈಗೆ ಹಾಕಿ. ಎಚ್‌ಡಿಎಂಐ ಕೇಬಲನ್ನು ಪವರ್ ಕಿಂಡಿಯ ಪಕ್ಕದಲ್ಲೇ ಇರುವ ಮೊದಲ ಕಿಂಡಿಗೆ ಸಿಕ್ಕಿಸಿ. ಮೊದಲು ಟಿವಿ, ಆಮೇಲೆ ಪೈ ಆನ್ ಮಾಡಿ.
5. ಮೊದಲ ಸಲ ಅದು ಕಾರ್ಡಿನ ಜಾಗ ವಿಸ್ತರಿಸಿಕೊಂಡು ತಾನಾಗಿಯೇ ಮತ್ತೆ ಶುರುವಾಗುತ್ತದೆ. ನಡುವೆ ಪ್ಲಗ್ ಕೀಳಬೇಡಿ.
6. ಭಾಷೆ, ಯಂತ್ರದ ಹೆಸರು, ವೈಫೈ ಪಾಸ್‌ವರ್ಡ್ ಕೇಳುತ್ತದೆ. ಕೊನೆಗೆ ಸಾಂಬಾ ಮತ್ತು ಎಸ್‌ಎಸ್‌ಎಚ್ ಬೇಕೇ ಎನ್ನುತ್ತದೆ. ಮನೆಯ ಇತರ ಕಂಪ್ಯೂಟರಿನಿಂದ ಫೈಲು ಕಳಿಸಲು ಸಾಂಬಾ ಆನ್ ಇಡಿ. ಎಸ್‌ಎಸ್‌ಎಚ್ ಏನೆಂದು ಗೊತ್ತಿಲ್ಲದಿದ್ದರೆ ಆಫ್ ಇರಲಿ. ಆನ್ ಮಾಡುವವರು ಅದರ ಮೂಲ ಪಾಸ್‌ವರ್ಡನ್ನು ಆಗಲೇ ಬದಲಿಸಬೇಕು.

ಟಿವಿ ರಿಮೋಟೇ ಸಾಕು

ಕೀಬೋರ್ಡ್, ಮೌಸ್ ಮೊದಲ ದಿನಕ್ಕೆ ಮಾತ್ರ. ಎಚ್‌ಡಿಎಂಐ ಕೇಬಲಿನೊಳಗೆ ಸಿಇಸಿ ಎಂಬ ಸಂಕೇತವೂ ಹರಿಯುತ್ತದೆ. ಟಿವಿಯ ಸೆಟ್ಟಿಂಗಿನಲ್ಲಿ ಅದನ್ನು ಆನ್ ಮಾಡಿದರೆ ಟಿವಿಯ ರಿಮೋಟಿನಿಂದಲೇ ಕೋಡಿ ನಡೆಯುತ್ತದೆ. ಕಂಪನಿಗಳು ಇದಕ್ಕೆ ತಮ್ಮದೇ ಹೆಸರಿಟ್ಟಿವೆ: ಸ್ಯಾಮ್‌ಸಂಗಿನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಮೊಬೈಲಿನಿಂದ ನಡೆಸಬೇಕೆಂದರೆ ಆಂಡ್ರಾಯ್ಡಿಗೆ ಕೋಡಿ ತಂಡದ್ದೇ ಆದ ಕೋರೆ ಆ್ಯಪ್ ಇದೆ. ಅದಕ್ಕೆ ಕೋಡಿಯ ಸರ್ವಿಸಸ್ ವಿಭಾಗದಲ್ಲಿ ಎಚ್‌ಟಿಟಿಪಿ ಮೂಲಕ ನಿಯಂತ್ರಿಸಲು ಅನುಮತಿ ಕೊಟ್ಟು ಪಾಸ್‌ವರ್ಡ್ ಇಡಬೇಕು.

ಮೊದಲ ದಿನವೇ ಬದಲಿಸಬೇಕಾದ ಮೂರು ಸೆಟ್ಟಿಂಗು

ರಿಫ್ರೆಶ್ ದರ: ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಭಾರತದ ಟಿವಿ ಪದ್ಧತಿ ಪಾಲ್ ಆಗಿದ್ದುದರಿಂದ ನಮ್ಮ ಹಳೆಯ ಟೇಪು, ಮದುವೆ ಡಿವಿಡಿಗಳು 25 ಫ್ರೇಮ್. ಟಿವಿ ಪರದೆ 60 ಹರ್ಟ್ಸಿನಲ್ಲೇ ನಿಂತಿದ್ದರೆ ಕ್ಯಾಮೆರಾ ಅತ್ತಿತ್ತ ತಿರುಗುವಾಗ ಚಿತ್ರ ಸಣ್ಣಗೆ ಕುಕ್ಕುತ್ತದೆ. ಪ್ಲೇಯರ್ ವಿಭಾಗದಲ್ಲಿ ರಿಫ್ರೆಶ್ ದರವನ್ನು ವಿಡಿಯೊಗೆ ತಕ್ಕಂತೆ ಹೊಂದಿಸುವ ಆಯ್ಕೆ ಇದೆ. ಅದನ್ನು ಆರಂಭ ಮತ್ತು ಅಂತ್ಯದಲ್ಲಿ ಎಂದು ಇಡಿ.

ಧ್ವನಿ: ಟಿವಿಯ ಸ್ಪೀಕರೇ ಆಗಿದ್ದರೆ ಚಾನೆಲ್ ಸಂಖ್ಯೆಯನ್ನು 2.0 ಮಾಡಿ. 5.1 ಎಂದು ಬಿಟ್ಟರೆ ಮಾತು ಬರಬೇಕಾದ ನಡುವಿನ ಚಾನೆಲ್ ಎಲ್ಲೋ ಕಳೆದುಹೋಗಿ, ಹಾಡು ಜೋರಾಗಿ ಸಂಭಾಷಣೆ ಪಿಸುಮಾತಾಗಿ ಕೇಳುತ್ತದೆ. ಡಾಲ್ಬಿ ಬಿಡಿಸಬಲ್ಲ ಆಂಪ್ಲಿಫೈಯರ್ ಇದ್ದವರು ಪಾಸ್‌ಥ್ರೂ ಆನ್ ಮಾಡಬಹುದು.

ಮೆನುವಿನ ಅಳತೆ: 4ಕೆ ಟಿವಿ ಇದ್ದರೂ ಮೆನುವನ್ನು 1080ಪಿಯಲ್ಲೇ ಇಡಿ. 4ಕೆ ಅಳತೆಗಳನ್ನು ವೈಟ್‌ಲಿಸ್ಟ್ ಎಂಬಲ್ಲಿ ಸೇರಿಸಿದರೆ 4ಕೆ ಚಿತ್ರ ಬಂದಾಗ ಮಾತ್ರ ಪರದೆ ಬದಲಾಗುತ್ತದೆ. ಮೆನು ಹಗುರವಾಗಿ ಓಡುತ್ತದೆ.

ಹಾರ್ಡ್ ಡಿಸ್ಕ್ ಜೋಡಿಸುವಾಗ

ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಗೆ ಡಿಸ್ಕ್ ಸಿಕ್ಕಿಸಿ. ಪೈ 4 ತನ್ನ ಎಲ್ಲ ಯುಎಸ್‌ಬಿ ಕಿಂಡಿಗಳಿಗೂ ಸೇರಿ ಕೊಡಬಲ್ಲದ್ದು 1.2 ಆಂಪಿಯರ್. ಒಂದು ಪೋರ್ಟಬಲ್ ಡಿಸ್ಕಿಗೆ ಅದು ಸಾಲುತ್ತದೆ, ಎರಡಾದರೆ ಕಷ್ಟ. ಪೈ 5ಕ್ಕೆ 3 ಆಂಪಿಯರ್ ಅಡಾಪ್ಟರನ್ನೇ ಕೊಟ್ಟರೆ ಕಿಂಡಿಗಳಿಗೆಲ್ಲ ಸೇರಿ 0.6 ಆಂಪಿಯರ್ ಮಾತ್ರ ಸಿಗುತ್ತದೆ, ಡಿಸ್ಕ್ ತಿರುಗಲು ಒದ್ದಾಡುತ್ತದೆ. ಪ್ರತ್ಯೇಕ ಪವರ್ ಇರುವ ಡಿಸ್ಕ್ ಅಥವಾ ಯುಎಸ್‌ಬಿ ಹಬ್ ಇದಕ್ಕೆ ಪರಿಹಾರ.

ಡಿಸ್ಕಿನ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಹಿಡಿಸುವುದಿಲ್ಲ. ವಿಂಡೋಸ್ ಕಂಪ್ಯೂಟರಿಗೂ ಟಿವಿಗೂ ಓಡಾಡುವ ಡಿಸ್ಕಿಗೆ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಸರಿ. ಟಿವಿಯ ಹಿಂದೆಯೇ ಕಾಯಂ ಇರುವ ಡಿಸ್ಕಿಗೆ ಲಿನಕ್ಸಿನದೇ ಆದ ಎಕ್ಸ್‌ಟ್4 ಗಟ್ಟಿ. ಅದು ವಿಂಡೋಸಿನಲ್ಲಿ ನೇರವಾಗಿ ತೆರೆಯುವುದಿಲ್ಲ. ಆದರೆ ಸಾಂಬಾ ಮೂಲಕ ನೆಟ್‌ವರ್ಕಿನಲ್ಲಿ ಫೈಲು ಕಳಿಸಬಹುದಾದ್ದರಿಂದ ಕೆಲಸ ನಿಲ್ಲುವುದಿಲ್ಲ.

ಹೆಸರಿಡುವ ಕೆಲಸ

ಯಂತ್ರದ ಕೆಲಸ ಇಲ್ಲಿಗೆ ಮುಗಿಯಿತು. ಈ ಪೆಟ್ಟಿಗೆಯನ್ನು ಮನೆಯವರು ಬಳಸುತ್ತಾರೋ ಮೂಲೆಗೆ ತಳ್ಳುತ್ತಾರೋ ಎಂಬುದು ನಿಂತಿರುವುದು ಮುಂದಿನ ಕೆಲಸದ ಮೇಲೆ. ಸಿನಿಮಾ, ಧಾರಾವಾಹಿ, ಸಂಗೀತ, ಮನೆ ಎಂದು ನಾಲ್ಕು ಫೋಲ್ಡರ್ ಮಾಡಿ. ಕೋಡಿಗೆ ಒಂದೊಂದನ್ನೂ ತೋರಿಸಿ, ಇದರಲ್ಲಿ ಇರುವುದು ಏನು ಎಂದು ಹೇಳಬೇಕು.

ಸಿನಿಮಾ ಎಂದು ಹೇಳಿದ ಫೋಲ್ಡರನ್ನು ಕೋಡಿ ಓದಿ, ದಿ ಮೂವಿ ಡೇಟಾಬೇಸ್ ಎಂಬ ಜಾಲಕೋಶದಿಂದ ಪೋಸ್ಟರ್, ತಾರಾಗಣ, ಕಥಾಸಾರ ತರುತ್ತದೆ. ಅದು ಹುಡುಕುವುದು ಫೈಲಿನ ಹೆಸರಿನಿಂದ. ಆದ್ದರಿಂದ ಇಂಗ್ಲಿಷ್ ಲಿಪಿಯಲ್ಲಿ ಚಿತ್ರದ ಹೆಸರು, ಆವರಣದಲ್ಲಿ ಬಿಡುಗಡೆಯಾದ ವರ್ಷ ಇರಲಿ. ವರ್ಷ ಏಕೆಂದರೆ 1972ರ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಒಂದಿದೆ, 2016ರಲ್ಲಿ ಬಂದ ‘ನಾಗರಹಾವು’ ಇನ್ನೊಂದಿದೆ. ವರ್ಷ ಬರೆಯದಿದ್ದರೆ ವಿಷ್ಣುವರ್ಧನ್ ರಾಮಾಚಾರಿಯಾಗಿ ನಟಿಸಿದ ಚಿತ್ರಕ್ಕೆ ಬೇರೆಯದರ ಪೋಸ್ಟರ್ ಅಂಟಿ ಕೂರಬಹುದು. ಧಾರಾವಾಹಿಯಾದರೆ ಪ್ರತಿ ಕಂತಿನ ಹೆಸರಿನಲ್ಲಿ ಸೀಸನ್ ಮತ್ತು ಕಂತಿನ ಸಂಖ್ಯೆ ಎಸ್01ಇ01 ಎಂಬ ಮಾದರಿಯಲ್ಲಿ ಬರಬೇಕು.

ಮನೆಯ ವಿಡಿಯೊ ಮತ್ತು ಯಕ್ಷಗಾನದ ರೆಕಾರ್ಡಿಂಗು ಯಾವ ಜಾಲಕೋಶದಲ್ಲೂ ಇರುವುದಿಲ್ಲ. ಆ ಫೋಲ್ಡರಿಗೆ ವಿಷಯ ಯಾವುದೂ ಅಲ್ಲ ಎಂದು ಆರಿಸಿ. ಇಲ್ಲದಿದ್ದರೆ ನಾಮಕರಣದ ವಿಡಿಯೊಗೆ ಯಾವುದೋ ಹಾಲಿವುಡ್ ಪೋಸ್ಟರ್ ಬರುತ್ತದೆ. ಇಂಥವುಗಳ ಹೆಸರು ದಿನಾಂಕದಿಂದ ಶುರುವಾಗಲಿ: ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಊರು, ಪ್ರಸಂಗ ಅಥವಾ ಸಮಾರಂಭ. ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಇಡೀ ರಾತ್ರಿಯ ಆಟ ಹಲವು ತುಂಡುಗಳಲ್ಲಿದ್ದರೆ ಕೊನೆಯಲ್ಲಿ 01, 02 ಎಂದು ಸೇರಿಸಿ. ಹಾಡುಗಳಿಗೆ ಫೈಲಿನ ಹೆಸರಿಗಿಂತ ಒಳಗಿನ ಟ್ಯಾಗ್ ಮುಖ್ಯ. ಗಾಯಕರು, ಕವಿ, ಆಲ್ಬಮ್ ತುಂಬಲು ಮ್ಯೂಸಿಕ್‌ಬ್ರೇನ್ಜ್ ಪಿಕಾರ್ಡ್ ಎಂಬ ಉಚಿತ ತಂತ್ರಾಂಶ ಇದೆ.

ಕನ್ನಡ ಸಬ್‌ಟೈಟಲ್ ಫೈಲು ಯುಟಿಎಫ್-8ರಲ್ಲಿ ಉಳಿಸಿದ್ದಾಗಿರಬೇಕು, ಹೆಸರು ವಿಡಿಯೊದ ಹೆಸರೇ ಆಗಿರಬೇಕು. ಅಕ್ಷರದ ಬದಲು ಚೌಕ ಕಂಡರೆ ನೋಟೊ ಸಾನ್ಸ್ ಕನ್ನಡ ಫಾಂಟನ್ನು ಕೋಡಿಯ ಫಾಂಟ್ ಫೋಲ್ಡರಿಗೆ ಹಾಕಿ, ಸಬ್‌ಟೈಟಲ್ ಸೆಟ್ಟಿಂಗಿನಲ್ಲಿ ಅದನ್ನು ಆರಿಸಿ.

ಬಿಸಿಲು, ಕರೆಂಟು, ವೈಫೈ

ಚಿಪ್ಪಿನ ಶಾಖ 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಪೈ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಗಾಳಿಯಾಡದ ಟಿವಿ ಕಪಾಟಿನೊಳಗೆ ಪ್ಲಾಸ್ಟಿಕ್ ಕೇಸಿನಲ್ಲಿ ಮುಚ್ಚಿಟ್ಟರೆ ಮಧ್ಯಾಹ್ನದ ಹೊತ್ತು ಚಿತ್ರ ತಡವರಿಸುವುದು ಇದರಿಂದಲೇ. ಲೋಹದ ಕೇಸ್ ಹಾಕಿ, ಹಿಂದೆ ಗಾಳಿ ಆಡುವಂತೆ ಇಡಿ.

ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತೋ ಕಡಿಮೆ ವೋಲ್ಟೇಜಿನ ಎಚ್ಚರಿಕೆಯೋ ಬಂದರೆ ತಪ್ಪು ಅಡಾಪ್ಟರಿನದು. ಮೊಬೈಲ್ ಚಾರ್ಜರ್ ಹಾಕಿ ನಡೆಸುವ ಆಸೆ ಬೇಡ. ಕರೆಂಟು ಆಗಾಗ ಹೋಗುವ ಊರಿನಲ್ಲಿ ಟಿವಿ, ಪೈ ಎರಡೂ ಯುಪಿಎಸ್ ಅಥವಾ ಇನ್ವರ್ಟರ್ ಲೈನಿನಲ್ಲಿರುವುದು ಕ್ಷೇಮ. ಬರೆಯುತ್ತಿರುವಾಗ ಕರೆಂಟು ಹೋದರೆ ಕಾರ್ಡೂ ಕೆಡಬಹುದು, ಡಿಸ್ಕೂ ಕೆಡಬಹುದು. ಆಫ್ ಮಾಡುವಾಗಲೂ ಮೆನುವಿನಿಂದ ಶಟ್‌ಡೌನ್ ಕೊಟ್ಟೇ ಸ್ವಿಚ್ ಆರಿಸಿ.

ನೆಟ್‌ವರ್ಕಿನಲ್ಲಿರುವ ಬೇರೆ ಕಂಪ್ಯೂಟರಿನಿಂದ ಚಿತ್ರ ತರಿಸುವುದಾದರೆ ಸಾಧ್ಯವಾದಷ್ಟೂ ಲ್ಯಾನ್ ಕೇಬಲ್ ಎಳೆಯಿರಿ. ಅದಾಗದಿದ್ದರೆ 5 ಗಿಗಾಹರ್ಟ್ಸ್ ವೈಫೈ ಬಳಸಿ. ಯುಎಸ್‌ಬಿ 3 ಡಿಸ್ಕುಗಳ ಕೇಬಲ್ 2.4 ಗಿಗಾಹರ್ಟ್ಸ್ ವೈಫೈಗೆ ಅಡ್ಡಿಮಾಡುತ್ತದೆ. ಡಿಸ್ಕ್ ಸಿಕ್ಕಿಸಿದ ಕೂಡಲೇ ವೈಫೈ ಕುಂಟಿದರೆ ಕಾರಣ ಇದಿರಬಹುದು.

ತೊಂದರೆ ಬಂದರೆ ಮೊದಲು ನೋಡುವುದು

ಪರದೆ ಕಪ್ಪಗಿದೆ: ಕೇಬಲ್ ಮೊದಲ ಎಚ್‌ಡಿಎಂಐ ಕಿಂಡಿಯಲ್ಲಿದೆಯೇ, ಟಿವಿ ಮೊದಲೇ ಆನ್ ಆಗಿತ್ತೇ ನೋಡಿ.
ಚಿತ್ರ ತಡವರಿಸುತ್ತಿದೆ: ವಿಡಿಯೊ ಓಡುವಾಗ ಕೀಬೋರ್ಡಿನಲ್ಲಿ ಇಂಗ್ಲಿಷಿನ ‘ಓ’ ಒತ್ತಿ. ಯಾವ ಕೋಡೆಕ್, ಸರ್ಕ್ಯೂಟೋ ಪ್ರೊಸೆಸರೋ ಎಂಬುದು ಅಲ್ಲೇ ಕಾಣುತ್ತದೆ.
ರಿಮೋಟ್ ಕೇಳುತ್ತಿಲ್ಲ: ಟಿವಿಯಲ್ಲಿ ಸಿಇಸಿ ಆಫ್ ಆಗಿರಬಹುದು.
ಡಿಸ್ಕ್ ಕಾಣುತ್ತಿಲ್ಲ: ಪವರ್ ಸಾಲದೆ ಹೋಗಿರಬಹುದು, ಇಲ್ಲವೇ ವಿಂಡೋಸಿನಿಂದ ಸರಿಯಾಗಿ ಇಜೆಕ್ಟ್ ಮಾಡದೆ ಕಿತ್ತಿರಬಹುದು.

ಎರಡು ಎಚ್ಚರಿಕೆ

ಕೋಡಿ ತನ್ನೊಂದಿಗೆ ಯಾವ ಚಿತ್ರವನ್ನೂ ತರುವುದಿಲ್ಲ. ಹೊಸ ಸಿನಿಮಾ ಉಚಿತ ಎಂದು ಆಮಿಷ ತೋರುವ ಆಡ್‌ಆನ್‌ಗಳು ಕೋಡಿ ತಂಡದವಲ್ಲ. ಅವು ಕಾನೂನುಬಾಹಿರ, ಜೊತೆಗೆ ಮನೆಯ ನೆಟ್‌ವರ್ಕಿಗೆ ಅಪರಿಚಿತರನ್ನು ಬಿಟ್ಟುಕೊಳ್ಳುವ ದಾರಿ. ಅಧಿಕೃತ ಭಂಡಾರದ ಆಡ್‌ಆನ್‌ಗಳಿಗಷ್ಟೇ ನಿಲ್ಲಿ. ರೌಟರಿನಲ್ಲಿ ಪೋರ್ಟ್ ತೆರೆದು ಈ ಪೆಟ್ಟಿಗೆಯನ್ನು ಹೊರಗಿನ ಇಂಟರ್‌ನೆಟ್ಟಿಗೆ ಒಡ್ಡಲೂಬೇಡಿ.

ಇನ್ನೊಂದು, ಬ್ಯಾಕಪ್. ಲಿಬ್ರೆಇಲೆಕ್ ಸೆಟ್ಟಿಂಗಿನಲ್ಲಿರುವ ಬ್ಯಾಕಪ್ ಕೊಟ್ಟರೆ ನಿಮ್ಮ ಜೋಡಣೆಯ ಪ್ರತಿ ಸಿಗುತ್ತದೆ. ಅದನ್ನು ಬೇರೆ ಕಂಪ್ಯೂಟರಿಗೆ ನಕಲಿಸಿಟ್ಟುಕೊಂಡರೆ ಕಾರ್ಡ್ ಕೆಟ್ಟರೂ ಎಲ್ಲವೂ ಬೇಗ ಮರಳುತ್ತದೆ. ಡಿಸ್ಕಿನೊಳಗಿನ ಮನೆಯ ವಿಡಿಯೊಗಳಿಗೆ ಆ ಅನುಕೂಲ ಇಲ್ಲ. ಪೈ, ಕಾರ್ಡ್, ಅಡಾಪ್ಟರ್ ಯಾವಾಗ ಬೇಕಾದರೂ ಅಂಗಡಿಯಲ್ಲಿ ಸಿಗುತ್ತವೆ. ಅವನ್ನು ಕೊಳ್ಳುವ ಪಟ್ಟಿಯಲ್ಲೇ ಎರಡನೆಯ ಹಾರ್ಡ್ ಡಿಸ್ಕನ್ನೂ ಸೇರಿಸಿಕೊಳ್ಳಿ. ಮನೆಯ ವಿಡಿಯೊಗಳ ಇನ್ನೊಂದು ಪ್ರತಿಯನ್ನು ಅದಕ್ಕೆ ಹಾಕಿ, ಬೇರೆ ಮನೆಯಲ್ಲಿ ಇಡಿ.